ಲತಾಮಣಿ ಮಿಸ್ಸಿಗೆ ಒಂದು ಫ್ಲಾಸ್ಕು

ಮೂರನೇ ಸಲವೂ ನರ ಸಿಗಲಿಲ್ಲ. ಬೆಳಗಿನಿಂದ ಏನೂ ತಿನ್ನದೆ ಬಂದಿದ್ದ ಮುದುಕರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತಿದ್ದರು. ಅವರ ಮೊಣಕೈಯ ಒಳಮಗ್ಗುಲಲ್ಲಿ ಹೇಮಾಶ್ರೀ ಚುಚ್ಚಿ ಬಿಟ್ಟ ಚುಕ್ಕೆಗಳು ಆಗಲೇ ನೀಲಿಗಟ್ಟತೊಡಗಿದ್ದವು. ಹನ್ನೊಂದು ವರ್ಷದಿಂದ ಅರಸೀಕೆರೆಯ ಈ ಲ್ಯಾಬಿನಲ್ಲಿ ರಕ್ತ ತೆಗೆಯುತ್ತ ಬಂದ ಕೈ ಅದು. ಕಣ್ಣು ಮುಚ್ಚಿಕೊಂಡರೂ ನರ ಎಲ್ಲಿದೆಯೆಂದು ಬೆರಳಿಗೆ ತಿಳಿಯುತ್ತಿತ್ತು. ಇವತ್ತು ಬೆರಳು ಮರದ ಬೆರಳಾಗಿತ್ತು. ಬಿಳಿ ಕೋಟಿನ ಜೇಬಿನಲ್ಲಿ ಫೋನು ಬಿಟ್ಟೂ ಬಿಡದೆ ನಡುಗುತ್ತಿತ್ತು. ಮೂರನೇ ಕ್ಲಾಸಿನ ತಾಯಂದಿರ ವಾಟ್ಸಾಪ್ ಗುಂಪು. ವರ್ಷದ ಕೊನೆಗೆ ಕ್ಲಾಸ್ ಟೀಚರಿಗೆ ಏನು ಕೊಡುವುದು ಎಂಬ ಚರ್ಚೆ ಭಾನುವಾರ ಶುರುವಾದದ್ದು ಬುಧವಾರವಾದರೂ ಮುಗಿದಿರಲಿಲ್ಲ. ಗೋಡೆ ಗಡಿಯಾರ ಬೇಡ, ಹೋದ ವರ್ಷವೂ ಅದೇ ಆಯಿತು ಎಂದು ಒಬ್ಬಳು; ಸೀರೆಯಾದರೆ ಬಣ್ಣ ಹಿಡಿಸುತ್ತದೋ ಇಲ್ಲವೋ ಎಂದು ಇನ್ನೊಬ್ಬಳು; ಮಕ್ಕಳೆಲ್ಲರ ಹೆಬ್ಬೆಟ್ಟಿನ ಅಚ್ಚು ಹಾಕಿಸಿ ಚೌಕಟ್ಟು ಕಟ್ಟಿಸಿದರೆ ಮನಸ್ಸಿಗೆ ತಟ್ಟುತ್ತದೆ ಎಂದು ಮತ್ತೊಬ್ಬಳು. ಪ್ರತಿ ಮಾತಿನ ಕೆಳಗೂ ಕೈಮುಗಿದ ಚಿತ್ರಗಳು, ಹೂವಿನ ಚಿತ್ರಗಳು. ಸಿರಿ ಅಮ್ಮ ಏನೂ ಹೇಳಲಿಲ್ಲವಲ್ಲ ಎಂದು ಯಾರೋ ಹಾಕಿದ್ದು ಸೂಜಿ ಹಿಡಿಯುವ ಮೊದಲು ಅವಳ ಕಣ್ಣಿಗೆ ಬಿದ್ದಿತ್ತು. ಇನ್ನೊಂದು ಕೈ ಕೊಡಿ ಅಜ್ಜ ಎಂದಳು. ಮುದುಕರು ಎಡಗೈ ಚಾಚಿದರು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

ಹೇಳುವುದಕ್ಕೆ ಏನಿತ್ತು? ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುವಾಗ ಮಗಳು ಸಿರಿ ಕೇಳಿದ ಮಾತನ್ನು ಆ ಗುಂಪಿನಲ್ಲಿ ಹಾಕಲಾದೀತೇ? ಉಡುಗೊರೆ ಚಿತ್ರಾ ಮಿಸ್ಸಿಗೆ ಎಂದು ಅವಳು ವಿವರಿಸುತ್ತಿದ್ದಾಗ ಹುಡುಗಿ ಕನ್ನಡಿಯೊಳಗಿಂದಲೇ ಅವಳನ್ನು ನೋಡಿ, "ಅದು ಚಿತ್ರಾ ಮಿಸ್‌ಗೆ. ನಮ್ಮ ಮಿಸ್‌ಗೆ?" ಎಂದಿದ್ದಳು. ಒಂದು ಅಕ್ಷರವೂ ತಡವರಿಸಿರಲಿಲ್ಲ. ಎಂಟು ವರ್ಷದ ಸಿರಿಗೆ ಮಾತು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಸಲೀಸಾಗಿ ಹರಿಯುತ್ತದೆ ಎಂಬುದನ್ನು ಯಾವ ಡಾಕ್ಟರೂ ಹೇಳಿರಲಿಲ್ಲ. ಸಿಕ್ಕಿಕೊಂಡರೆ ಮಾತ್ರ ಹುಡುಗಿ ಕೆರೆಯ ಕೆಸರಿನಲ್ಲಿ ಕಾಲು ಹೂತವಳ ಹಾಗೆ ನಿಂತುಬಿಡುತ್ತಿದ್ದಳು. ಆಗ ಮನೆಯಲ್ಲಿ ಯಾರಾದರೂ ಒಬ್ಬರು ಆ ಮಾತನ್ನು ಎತ್ತಿ ಅವಳ ಕೈಗೆ ಕೊಡುತ್ತಿದ್ದರು. ಹೆಚ್ಚಾಗಿ ಹೇಮಾಶ್ರೀಯೇ. ಅದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬಾಣಾವರದಲ್ಲಿ ಅವಳ ಅಪ್ಪ ಲಕ್ಕಪ್ಪನಿಗೂ ಹೀಗೇ. ಗೊಬ್ಬರದ ಅಂಗಡಿಯ ಮುಂದೆ ಅಪ್ಪ ತುಟಿ ಬಿಗಿದುಕೊಂಡು ನಿಂತರೆ ಏಳು ವರ್ಷದ ಹೇಮಾಶ್ರೀ ಅವನ ಪಂಚೆ ಹಿಡಿದುಕೊಂಡೇ ಅವನಿಗೆ ಬೇಕಾದುದನ್ನು ಗಟ್ಟಿಯಾಗಿ ಹೇಳಿಬಿಡುತ್ತಿದ್ದಳು. ಮಗಳೇ ನಿನ್ನ ಬಾಯಿ ಕಣಯ್ಯ ಎಂದು ಅಂಗಡಿಯವರು ನಗುತ್ತಿದ್ದರು, ಅಪ್ಪನೂ ನಗುತ್ತಿದ್ದ. ಆ ನಗುವನ್ನು ಅವಳು ಬಹುಮಾನವೆಂದು ತಿಳಿದಿದ್ದಳು. ಎಡಗೈಯಲ್ಲಿ ನರ ಸಿಕ್ಕಿತು. ಕಡುಗೆಂಪು ರಕ್ತ ನಳಿಕೆಗೆ ಏರುವುದನ್ನು ನೋಡುತ್ತ ಅವಳು ಉಸಿರು ಬಿಟ್ಟಳು.

ಕಳೆದ ನವೆಂಬರಿನ ಒಂದು ಮಂಗಳವಾರ ಸಿರಿ ಊಟದ ಡಬ್ಬಿ ಬಿಟ್ಟು ಹೋಗಿದ್ದಳು. ಲ್ಯಾಬಿನಿಂದ ಅರ್ಧ ಗಂಟೆ ಕೇಳಿಕೊಂಡು ಹೇಮಾಶ್ರೀ ಡಬ್ಬಿ ಹಿಡಿದು ಶಾಲೆಯ ಮೊಗಸಾಲೆಗೆ ಬಂದಾಗ ಮೂರನೇ ಕ್ಲಾಸು ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಮಕ್ಕಳನ್ನು ಆಟಕ್ಕೆ ಬಿಟ್ಟಿರಬೇಕು ಎಂದುಕೊಂಡಳು. ಕಿಟಕಿಯಲ್ಲಿ ಇಣುಕಿದರೆ ಎಲ್ಲರೂ ಒಳಗೇ ಇದ್ದರು. ಸಿರಿ ಎದ್ದು ನಿಂತಿದ್ದಳು, ಕೈಯಲ್ಲಿ ಪುಸ್ತಕ. ತುಟಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮ ಎಂಬ ಅಕ್ಷರವಿರಬೇಕು, ಮಳೆಯೋ, ಮೋಡವೋ. ಕತ್ತಿನ ಪಕ್ಕದ ನರ ಉಬ್ಬಿತ್ತು. ಅದನ್ನು ಅಷ್ಟು ದೂರದಿಂದಲೂ ಕಂಡದ್ದು ಅವಳ ಕಸುಬಿನ ಕಣ್ಣು. ಆಗಿನ ಕ್ಲಾಸ್ ಟೀಚರ್ ಲತಾಮಣಿ ಮಿಸ್ಸು ಕಪ್ಪುಹಲಗೆಗೆ ಒರಗಿ, ಎರಡೂ ಕೈ ಕಟ್ಟಿಕೊಂಡು, ಮಗುವನ್ನೇ ನೋಡುತ್ತಿದ್ದಳು. ಹೇಳಿಕೊಡಲಿಲ್ಲ, ಕೂರು ಎನ್ನಲಿಲ್ಲ, ಬೇರೆಯವರನ್ನು ಎಬ್ಬಿಸಲಿಲ್ಲ. ಫ್ಯಾನು ತಿರುಗುತ್ತಿತ್ತು. ನಲವತ್ತು ಮಕ್ಕಳು ತಲೆ ಎತ್ತಿಕೊಂಡು ಕೂತಿದ್ದರು. ಎಷ್ಟು ಹೊತ್ತು ಹಾಗೆ ಹೋಯಿತೋ. ಹೇಮಾಶ್ರೀಗೆ ತನ್ನ ಬಟ್ಟೆ ಬಿಚ್ಚಿ ಸಂತೆಯಲ್ಲಿ ನಿಲ್ಲಿಸಿದಂತಾಯಿತು. ಮಗಳು ಆ ಮಾತನ್ನು ಕಡೆಗೆ ಹೇಳಿದಳೋ ಇಲ್ಲವೋ ಎಂಬುದನ್ನು ಅವಳು ನೋಡಲಿಲ್ಲ. ಅಷ್ಟರಲ್ಲಿ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಆಫೀಸಿನ ಕಡೆ ನಡೆದಿದ್ದಳು.

ಶಾಲೆಯ ಕಾರ್ಯದರ್ಶಿ ಚನ್ನಬಸವಯ್ಯನವರು ಅವಳನ್ನು ಕೂರಿಸಿ, ನೀರು ತರಿಸಿ, ಎಲ್ಲವನ್ನೂ ಕೇಳಿಸಿಕೊಂಡರು. ಇಷ್ಟು ಗಮನವಿಟ್ಟು ಯಾರೂ ಅವಳ ಮಾತು ಕೇಳಿ ವರ್ಷಗಳಾಗಿದ್ದವು. ಆಮೇಲೆ ಅವರು ಮೇಜಿನ ಮೇಲೆ ಬಾಗಿ, "ಇವ್ರನ್ನ ತಗೊಳ್ಳೋವಾಗ್ಲೇ ನಮ್ಮ ಸಮಿತಿಲಿ ಕೆಲವ್ರಿಗೆ ಮನಸ್ಸಿರ್ಲಿಲ್ಲ ಕಣಮ್ಮ. ನೀವು ಬರ್ದು ಕೊಟ್ರೆ ನಮಗೂ ಒಂದು ಆಧಾರ ಆಗುತ್ತೆ," ಎಂದರು. ಇವರು ಎಂದರೆ ಯಾರು, ಮನಸ್ಸು ಯಾಕಿರಲಿಲ್ಲ ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ, ಹಳೇಬೀಡಿನಿಂದ ಬರುವ ಆ ಟೀಚರ್ ಯಾವ ಕೇರಿಯವಳು ಎಂಬುದು ಜೂನ್ ತಿಂಗಳಲ್ಲೇ ತಾಯಂದಿರ ಬಾಯಲ್ಲಿ ಒಂದು ಸುತ್ತು ಬಂದಿತ್ತು. ಅವಳು ತಲೆಯಾಡಿಸಿದಳು. ಬರೀ ತಲೆಯಾಡಿಸಿದ್ದು. ಬಿಳಿ ಹಾಳೆ ಎದುರಿಗೆ ಬಂದಾಗ ನಡೆದದ್ದನ್ನು ಬರೆದಳು. ಬರೆದು ನೋಡಿದರೆ ಅದು ಏನೂ ಅಲ್ಲದಂತಿತ್ತು. ಒಂದು ಮಗು ನಿಂತಿತ್ತು, ಒಬ್ಬ ಟೀಚರ್ ಸುಮ್ಮನಿದ್ದಳು, ಅಷ್ಟೇ. ಆಗ ಪೆನ್ನು ತಾನೇ ತಾನಾಗಿ ಇನ್ನೊಂದು ಸಾಲು ಬರೆಯಿತು: 'ಮಕ್ಕಳೆಲ್ಲರೂ ನನ್ನ ಮಗಳನ್ನು ನೋಡಿ ನಗುತ್ತಿದ್ದರು, ಶಿಕ್ಷಕಿ ತಡೆಯಲಿಲ್ಲ.' ಸಹಿ ಮಾಡಿ, ದಿನಾಂಕ ಹಾಕಿ, ಎದ್ದು ಲ್ಯಾಬಿಗೆ ಬಂದು, ಮಧ್ಯಾಹ್ನದವರೆಗೆ ಹದಿನೇಳು ಜನರ ರಕ್ತ ತೆಗೆದಿದ್ದಳು. ಒಂದು ಸಲವೂ ಕೈ ತಪ್ಪಿರಲಿಲ್ಲ.

ಆಮೇಲೆ ಎಲ್ಲ ಸದ್ದಿಲ್ಲದೆ ನಡೆಯಿತು. ಲತಾಮಣಿ ಮಿಸ್ಸನ್ನು ಮೂರನೇ ಕ್ಲಾಸಿನಿಂದ ತೆಗೆದು ಎಲ್‌ಕೆಜಿಗೆ ಹಾಕಿದರು. ಮಾರ್ಚಿನಿಂದ ಅವಳು ಬರಲೇ ಇಲ್ಲ. ಚಿತ್ರಾ ಮಿಸ್ಸು ಒಳ್ಳೆಯವಳು. ಓದುವ ಸರದಿ ಸಿರಿಯ ಹತ್ತಿರ ಬಂದಾಗ ನೀನು ಕೂತ್ಕೋ ಪುಟ್ಟ ಎಂದು ಮುಂದಿನವರನ್ನು ಎಬ್ಬಿಸುತ್ತಿದ್ದಳು. ಬೇಸಿಗೆಯ ಹೊತ್ತಿಗೆ ಸಿರಿಯ ತಡವರಿಕೆ ಎಷ್ಟೋ ಕಡಿಮೆಯಾಗಿದೆ ಎಂದು ಮನೆಯಲ್ಲಿ ಎಲ್ಲರೂ ಸಮಾಧಾನಪಟ್ಟರು. ಮಾತೇ ಕಡಿಮೆಯಾಗಿದೆ ಎಂಬುದು ಹೇಮಾಶ್ರೀಗೆ ತಿಳಿಯಲು ತಡವಾಯಿತು. ಅಕ್ಟೋಬರಿನಲ್ಲಿ ಇದೇ ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ತಾಯಿ ಎತ್ತಿ ಕೊಟ್ಟ ಮಾತನ್ನು ತಳ್ಳಿಹಾಕಿ, ನಾನೇ ಹೇಳ್ತೀನಿ ಎಂದು ಕಾಲು ಅಪ್ಪಳಿಸುತ್ತಿದ್ದಳು. ಆಗ ಅದು ಹಟವೆಂದು ಕಂಡಿತ್ತು. ಈಗ ಕೊಟ್ಟ ಮಾತನ್ನು ಸುಮ್ಮನೆ ತೆಗೆದುಕೊಂಡು ಹೋಗುತ್ತಿದ್ದಳು. ಶುಕ್ರವಾರ ಕೊನೆಯ ದಿನದ ಸಮಾರಂಭದಲ್ಲಿ ಚಿತ್ರಾ ಮಿಸ್ಸಿಗೆ ಹೆಬ್ಬೆಟ್ಟಿನ ಅಚ್ಚಿನ ಚೌಕಟ್ಟನ್ನೇ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಲವತ್ತು ಹೆಬ್ಬೆಟ್ಟುಗಳ ನಡುವೆ ತನ್ನದು ಯಾವುದೆಂದು ಸಿರಿ ಹುಡುಕಲೂ ಇಲ್ಲ. ಕೈಗೆ ಬಂದ ಅಂಕಪಟ್ಟಿಯಲ್ಲಿ 'ಗಟ್ಟಿ ಓದು' ಎಂಬುದರ ಎದುರಿಗೆ 'ಎ' ಎಂದು ಬರೆದಿತ್ತು. ನವೆಂಬರಿನಿಂದ ಬಾಯಿ ತೆರೆಯದ ಮಗುವಿಗೆ. ಹೇಮಾಶ್ರೀ ಆ ಅಕ್ಷರವನ್ನು ಬಹಳ ಹೊತ್ತು ನೋಡಿದಳು. ಅದು ತನಗೆ ಕೊಟ್ಟ ಅಂಕವೆಂದು ಅವಳಿಗೆ ಅನ್ನಿಸಿತು.

ಅದೇ ಸಂಜೆ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ತಾಯಿ ಮಗಳು ಅಂಗಡಿಯಿಂದ ಅಂಗಡಿಗೆ ಅಲೆದರು. ಲತಾಮಣಿ ಮಿಸ್ಸಿಗೆ ಏನಾದರೂ ಕೊಡಲೇಬೇಕು, ಕೈಯಲ್ಲೇ ಕೊಡಬೇಕು ಎಂದು ಸಿರಿ ಎರಡು ದಿನದಿಂದ ಊಟ ಬಿಡುವಷ್ಟು ಹಟ ಹಿಡಿದಿದ್ದಳು. ಹೇಮಾಶ್ರೀ ಸೀರೆ ಮುಟ್ಟಿದಳು. ಸೀರೆ ಬಾಯಿ ಮುಚ್ಚಿಸುವುದಕ್ಕೆ ಕೊಟ್ಟಂತೆ ಕಂಡಿತು. ಬೆಳ್ಳಿಯ ಕುಂಕುಮದ ಬಟ್ಟಲು ಹಿಡಿದಳು, ಅದು ತಪ್ಪುಕಾಣಿಕೆಯಂತಿತ್ತು. ಪೆನ್ನು ಬೇಡ. ಪೆನ್ನಂತೂ ಬೇಡವೇ ಬೇಡ. ಯಾವ ವಸ್ತುವನ್ನು ಎತ್ತಿಕೊಂಡರೂ ಅದು ಅವಳ ಕೈಯಲ್ಲಿ ಕೂಡಲೇ ಲಂಚವಾಗುತ್ತಿತ್ತು. ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು, ದಿನವಿಡೀ ನಿಂತ ಕಾಲು ಸೆಳೆಯುತ್ತಿತ್ತು, ಏನಾದರೊಂದು ಕಟ್ಟಿಸಿಕೊಂಡು ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು. ಸಿರಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಪಾತ್ರೆ ಅಂಗಡಿಯ ಒಳಗೆ ನೇರವಾಗಿ ನಡೆದು ಕೆಂಪು ಬಣ್ಣದ ಸಣ್ಣ ಫ್ಲಾಸ್ಕೊಂದನ್ನು ತೋರಿಸಿದಳು. ಯಾಕೆಂದು ಕೇಳಿದರೆ, ಗುರುವಾರದ ಹೊತ್ತಿಗೆ ಮಿಸ್ಸಿನ ಗಂಟಲು ಕಟ್ಟುತ್ತಿತ್ತಂತೆ, ಬಿಸಿನೀರು ಕುಡಿಯಬೇಕಾಗಿತ್ತಂತೆ, ಸ್ಟಾಫ್ ರೂಮಿನ ಕೆಟಲಿನಿಂದ ಮಿಸ್ಸು ನೀರು ತಗೊಳ್ಳುತ್ತಿರಲಿಲ್ಲವಂತೆ. ಯಾಕೆ ತಗೊಳ್ಳುತ್ತಿರಲಿಲ್ಲ ಎಂಬುದು ಮಗುವಿಗೆ ಗೊತ್ತಿರಲಿಲ್ಲ. ಗುರುವಾರ ಗುರುವಾರ ಒಬ್ಬ ಹೆಂಗಸಿನ ಗಂಟಲು ಕಟ್ಟುವುದನ್ನು ಎಂಟು ವರ್ಷದ ಹುಡುಗಿ ನೆನಪಿಟ್ಟುಕೊಂಡಿದ್ದಳು. ಹೇಮಾಶ್ರೀ ಕಾಗದ ಸುತ್ತಿಸುವಾಗ ತಲೆ ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಅತ್ತೆ ವೆಂಕಟಲಕ್ಷ್ಮಮ್ಮನಿಗೆ, ಮಗುವಿಗೆ ಹಳೇಬೀಡಿನ ದೇವಸ್ಥಾನ ತೋರಿಸಿಕೊಂಡು ಬರುತ್ತೇನೆ ಎಂದಳು. ಅತ್ತೆ ಕೆಟ್ಟವರಲ್ಲ, ಆದರೆ ಯಾರ ಮನೆಗೆ ಎಂದು ಹೇಳಿದರೆ ಒಂದು ಕ್ಷಣ ಸುಮ್ಮನಾಗುತ್ತಿದ್ದರು, ಆ ಒಂದು ಕ್ಷಣವನ್ನು ತಾಳುವ ಶಕ್ತಿ ಅವಳಿಗಿರಲಿಲ್ಲ. ಗಂಡ ಚೇತನ್‌ಕುಮಾರ್ ವೈರಿಂಗ್ ಕೆಲಸದ ಮೇಲೆ ಹಾಸನದಲ್ಲಿದ್ದ. ಜಾವಗಲ್ಲಿನ ಮೇಲೆ ಹೋಗುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಸಿರಿಯನ್ನು ಯಾರದೋ ತೊಡೆಯ ಮೇಲೆ ಕೂರಿಸಿ, ಕಂಬಿ ಹಿಡಿದು ನಿಂತಳು. ತೆಂಗಿನ ತೋಟಗಳು, ಉತ್ತು ಬಿಟ್ಟ ಹೊಲಗಳು, ಮತ್ತೆ ತೆಂಗಿನ ತೋಟಗಳು ಹಿಂದೆ ಸರಿಯುತ್ತಿದ್ದವು. ದಿನಾ ಈ ದಾರಿಯಲ್ಲಿ ಹೋಗಿ ಬರುತ್ತಿದ್ದವಳು ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಿದ್ದಳೋ ಎಂಬ ಯೋಚನೆ ಇವತ್ತಿನವರೆಗೆ ಅವಳಿಗೆ ಬಂದಿರಲಿಲ್ಲ. ಟೀಚರುಗಳು ಶಾಲೆಯಲ್ಲೇ ಇರುತ್ತಾರೆ, ಬೆಂಚು ಕುರ್ಚಿಗಳ ಹಾಗೆ, ಎಂದು ಅವಳೂ ಮಕ್ಕಳಂತೆಯೇ ತಿಳಿದಿದ್ದಳೇನೋ. ಜಾವಗಲ್ಲಿನಲ್ಲಿ ಸೀಟು ಖಾಲಿಯಾದರೂ ಅವಳು ಕೂರಲಿಲ್ಲ. ಕೂರದೆ ಇರುವುದರಿಂದ ಯಾರಿಗೆ ಏನು ಸಂದಾಯವಾಗುತ್ತದೆ ಎಂದು ತನ್ನ ಬಗ್ಗೆ ತನಗೇ ನಾಚಿಕೆಯಾಗಿ, ಮತ್ತೆ ಕೂರಲು ನೋಡಿದರೆ ಅಷ್ಟರಲ್ಲಿ ಬೇರೆ ಯಾರೋ ಕೂತಿದ್ದರು.

ದೇವಸ್ಥಾನದ ಮುಂದೆ ಪ್ರವಾಸಿಗಳ ಬಸ್ಸುಗಳು ನಿಂತಿದ್ದವು. ಅದರ ಕಡೆ ತಿರುಗದೆ, ಕೇಳಿಕೊಂಡು ಕೇಳಿಕೊಂಡು ಅವರು ಕೆರೆಯ ಹಿಂದಿನ ಬೀದಿಗೆ ಬಂದರು. ಮಂಗಳವಾರದ ಬಾಬಾಸಾಹೇಬರ ಜಯಂತಿಗೆಂದು ಬೀದಿಯುದ್ದಕ್ಕೂ ನೀಲಿ ತೋರಣ ಕಟ್ಟುತ್ತಿದ್ದರು. ಏಣಿಯ ಮೇಲಿದ್ದವನು ಕೆಳಗೆ ನೋಡಿ, ಜವರಪ್ಪನವರ ಮನೆಯಾ, ಆ ಹಸಿರು ಬಾಗಿಲು ಎಂದ. ಜವರಪ್ಪ ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಲತಾಮಣಿಯ ತಂದೆ. ಅವರು ಜಯಂತಿಯ ಸಭೆಗೆಂದು ಹೋಗಿದ್ದರು. ಬಾಗಿಲು ತೆರೆದದ್ದು ತಾಯಿ ದ್ಯಾವಮ್ಮ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ನೀಲಿ ಕೋಟಿನ ಬಾಬಾಸಾಹೇಬರು, ಕೆಳಗೆ ಕಪಾಟಿನ ತುಂಬ ಪುಸ್ತಕ. ತನ್ನ ಮನೆಯಲ್ಲಿ ಸಿರಿಯ ಪಠ್ಯಪುಸ್ತಕ ಬಿಟ್ಟರೆ ಪಂಚಾಂಗವೊಂದೇ ಇರುವುದು ಎಂದು ಹೇಮಾಶ್ರೀಗೆ ನೆನಪಾಯಿತು. ಅರಸೀಕೆರೆಯಿಂದ, ಮಗಳ ಶಾಲೆಯಿಂದ ಬಂದವರು ಎಂದು ತಿಳಿದ ಮೇಲೆ ದ್ಯಾವಮ್ಮ ಚಾಪೆ ಹಾಸಹೋದವಳು ಅದನ್ನು ಬಿಟ್ಟು ಕುರ್ಚಿ ಎಳೆದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಂದು ಗಳಿಗೆ ನಿಂತು ಕೇಳಿದಳು: "ಬಿಸಿಲಲ್ಲಿ ಬಂದಿದೀರ. ನೀರು ಕೊಡ್ಲಾ ಅವ್ವ, ಇಲ್ಲ ಅಂಗಡಿಯಿಂದ ಬಾಟ್ಲಿ ತರ್ಸ್ಲಾ?"

ನೀರೇ ಕೊಡಿ ಎಂದಳು ಹೇಮಾಶ್ರೀ. ಬಾಯಾರಿಕೆ ನಿಜವಾಗಿಯೂ ಇತ್ತು, ಆದರೂ ಎರಡನೇ ಲೋಟ ಕೇಳಿ ಕುಡಿದದ್ದು ಬಾಯಾರಿಕೆಗಲ್ಲ. ತಾನು ಕುಡಿಯುವುದನ್ನು ತಾನೇ ನೋಡುತ್ತಿದ್ದಳು. ಲೋಟ ಕೆಳಗಿಟ್ಟಾಗ ಪರೀಕ್ಷೆ ಬರೆದು ಮುಗಿಸಿದಂತಾಯಿತು. ಅಂಕ ಹಾಕುವವರು ಯಾರೂ ಅಲ್ಲಿರಲಿಲ್ಲ. ದ್ಯಾವಮ್ಮ ಖಾಲಿ ಲೋಟ ಒಯ್ಯುತ್ತ, ಮಗಳು ಹಿತ್ತಲಲ್ಲಿ ತಲೆ ಒಣಗಿಸಿಕೊಳ್ಳುತ್ತಿದ್ದಾಳೆ, ಈಗೀಗ ಬಸ್ ಸ್ಟ್ಯಾಂಡಿನ ಹತ್ತಿರ ಅರ್ಜಿ ತುಂಬಿಕೊಡುವ ಕಂಪ್ಯೂಟರ್ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ, ಭಾನುವಾರ ಒಂದೇ ರಜೆ ಎಂದಳು. ಬೇಲೂರಿನ ಒಂದು ಶಾಲೆಯವರು ಕರೆದಿದ್ದರಂತೆ. ಪಾಠ ಮಾಡಿಸಿ ನೋಡಿ ಮೆಚ್ಚಿಕೊಂಡಿದ್ದರಂತೆ. "ಆಮ್ಯಾಕೆ ಅರಸೀಕೆರೆ ಇಸ್ಕೂಲಿಂದು ಅದೇನೋ ನಡತೆ ಪತ್ರ ಐತಲ್ಲ, ಅದ್ನ ನೋಡಿ ಹೇಳಿ ಕಳಿಸ್ತೀವಿ ಅಂದ್ರಂತೆ. ಕಳಿಸ್ನಿಲ್ಲ," ಎಂದಳು. ಅದರಲ್ಲಿ ದೂರಿರಲಿಲ್ಲ. ಬಸ್ಸು ತಪ್ಪಿತು ಎನ್ನುವಂತೆ ಹೇಳಿದ್ದಳು.

ಲತಾಮಣಿ ಬಂದಳು. ಒದ್ದೆ ಕೂದಲು ಬೆನ್ನ ಮೇಲಿತ್ತು, ಶಾಲೆಯಲ್ಲಿ ಕಂಡುದಕ್ಕಿಂತ ಚಿಕ್ಕವಳಾಗಿ ಕಂಡಳು. ಹೇಮಾಶ್ರೀಯನ್ನು ನೋಡಿ ಅವಳ ಮುಖ ಬದಲಾಗಲಿಲ್ಲ. ಸಿರಿಯನ್ನು ನೋಡಿ ಬದಲಾಯಿತು. ಹುಡುಗಿ ಪೊಟ್ಟಣ ಚಾಚಿದಳು. ಲತಾಮಣಿ ಕಾಗದ ಹರಿಯದಂತೆ ಬಿಚ್ಚಿ ಫ್ಲಾಸ್ಕನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಗುರುವಾರಕ್ಕಾ ಎಂದು ಕೇಳಿದಳು, ಸಿರಿ ತಲೆಯಾಡಿಸಿದಳು. ಈಗ ಗಂಟಲು ಚೆನ್ನಾಗಾಗಿದೆ, ದಿನವಿಡೀ ಮಾತಾಡುವ ಕೆಲಸ ಇಲ್ಲವಲ್ಲ ಎಂದು ಲತಾಮಣಿ ನಕ್ಕಳು. ಸಿರಿ ನಗಲಿಲ್ಲ. ಕೊಟ್ಟ ವಸ್ತುವಿಗೆ ಈಗ ಉಪಯೋಗವಿಲ್ಲ ಎಂಬುದು ಅವಳಿಗೆ ಅರ್ಥವಾಗಿತ್ತು. ಕುರ್ಚಿಯ ಅಂಚಿಗೆ ಸರಿದು ಏನೋ ಹೇಳಹೊರಟಳು, ಮಾತು ಸಿಕ್ಕಿಕೊಂಡಿತು. ಲತಾಮಣಿ ಅವಳೆದುರು ನೆಲದ ಮೇಲೆ ಕೂತಳು. ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈ ಕಟ್ಟಿ, ಮುಖ ನೋಡಿದಳು. ಹೊರಗೆ ಏಣಿ ಸರಿಸುವ ಸದ್ದು. ಹೇಮಾಶ್ರೀಯ ನಾಲಿಗೆ ತಾನಾಗಿ ಏಳುತ್ತಿತ್ತು. ಯಾವ ಮಾತೆಂದು ಈ ಸಲ ಅವಳಿಗೂ ಗೊತ್ತಿರಲಿಲ್ಲ, ಆದರೂ ಏನಾದರೊಂದನ್ನು ಎತ್ತಿಕೊಟ್ಟು ಈ ಹೊತ್ತನ್ನು ಮುಗಿಸಬೇಕೆನಿಸುತ್ತಿತ್ತು. ಕುರ್ಚಿಯ ಕೈ ಹಿಡಿದುಕೊಂಡಳು. ಹತ್ತಿರದಿಂದ ನೋಡಿದರೆ ಟೀಚರ ಮುಖದಲ್ಲಿ ಕ್ರೌರ್ಯವಿರಲಿಲ್ಲ, ಕರುಣೆಯೂ ಇರಲಿಲ್ಲ. ಬಾವಿಯಿಂದ ಕೊಡ ಮೇಲೆ ಬರುವುದನ್ನು ನೋಡುತ್ತ ನಿಂತವರ ಮುಖ ಅದು. ಬರುತ್ತದೆ ಎಂದು ಗೊತ್ತಿದ್ದವರ ಮುಖ.

"ನಾ... ನಾನು ನಿಧಾನ ಓದ್ತೀನಿ ಅಂತ ಬಿಟ್ಟು ಹೋದ್ರಾ ಮಿಸ್?"

ಐದು ತಿಂಗಳಿಂದ ಈ ಮಗು ಇದನ್ನು ಹೊತ್ತುಕೊಂಡು ಓಡಾಡುತ್ತಿತ್ತು. ಜಡೆ ಹಾಕಿಸಿಕೊಂಡಿತ್ತು, ಮುದ್ದೆ ಉಂಡಿತ್ತು, ಅಂಕಪಟ್ಟಿ ತಂದಿತ್ತು, ಮಿಸ್ಸನ್ನು ಓಡಿಸಿದ್ದು ತಾನೇ ಎಂದು ತಿಳಿದುಕೊಂಡೇ. ಹೇಮಾಶ್ರೀ ಲತಾಮಣಿಯನ್ನು ನೋಡಿದಳು. ಒಂದು ಮಾತು ಸಾಕಾಗಿತ್ತು. ಯಾರಿಂದ ಎಂದು ಹೇಳಲೂ ಬೇಕಿರಲಿಲ್ಲ, ಕಣ್ಣು ಒಂದು ಸಲ ಈ ಕಡೆ ತಿರುಗಿದ್ದರೆ ಸಾಕಾಗಿತ್ತು. ಲತಾಮಣಿ ತಿರುಗಲಿಲ್ಲ. ನೀನು ನಿಧಾನ ಓದುವುದು ನನಗೆ ಇಷ್ಟ, ಬಿಟ್ಟದ್ದು ದೊಡ್ಡವರ ಕೆಲಸದ ವಿಷಯ, ಅದಕ್ಕೂ ನಿನಗೂ ಸಂಬಂಧವಿಲ್ಲ ಎಂದಳು. ಆಮೇಲೆ ತನ್ನ ತಾಯಿಯನ್ನು ಕರೆದು, ಮಗುವಿಗೆ ಹಿತ್ತಲಿನ ಮೇಕೆಮರಿ ತೋರಿಸು ಎಂದಳು.

ಇಬ್ಬರೇ ಉಳಿದಾಗ ಹೇಮಾಶ್ರೀ, "ನಾನೇ ಬರ್ದು ಕೊಟ್ಟಿದ್ದು," ಎಂದಳು.

"ಗೊತ್ತು. ಓದಿದೀನಿ ಅಂತ ಸಹಿ ಹಾಕಿಸ್ಕೊಂಡ್ರು."

ಲತಾಮಣಿ ಹರಿಯದೆ ತೆಗೆದ ಕಾಗದವನ್ನು ಮಡಿಸುತ್ತಿದ್ದಳು. ಮಡಿಕೆಯ ಮೇಲೆ ಉಗುರಿನಿಂದ ಗೆರೆ ಎಳೆದಳು. ದನಿ ಏರಿಸದೆ, ಪಾಠದ ಒಂದು ಭಾಗವನ್ನು ಮತ್ತೊಮ್ಮೆ ವಿವರಿಸುವವಳಂತೆ ಮಾತಾಡಿದಳು. "ಕಿಟಕಿಯಿಂದ ನೋಡಿದ್ರೆ ಹಾಗೇ ಕಾಣ್ಸೋದು. ತಾಯಿ ಆಗಿದ್ರೆ ನಾನೂ ಓಡ್ತಿದ್ದೆ. ಅದಕ್ಕೆ ನಂಗೆ ಸಿಟ್ಟಿಲ್ಲ. ಮಕ್ಕಳೆಲ್ಲ ನಗ್ತಿದ್ರು ಅಂತ ಒಂದು ಸಾಲಿತ್ತಲ್ಲ. ಒಂದು ಮಗೂನೂ ನಗ್ತಿರ್ಲಿಲ್ಲ. ಜೂನಲ್ಲಿ ನಗ್ತಿದ್ರು. ನಗದೆ ಕಾಯೋದನ್ನ ಆ ನಲವತ್ತು ಮಕ್ಕಳಿಗೆ ಕಲ್ಸೋಕೆ ನಂಗೆ ಐದು ತಿಂಗ್ಳು ಹಿಡೀತು. ಆ ವರ್ಷ ನಾನು ಕಲ್ಸಿದ್ದು ಅಂತ ಏನಾದ್ರೂ ಇದ್ರೆ ಅದೊಂದೇ. ನೀವು ಅದನ್ನೇ ಇಲ್ಲ ಅಂತ ಬರೆದ್ರಿ."

ಹೇಮಾಶ್ರೀಗೆ ಆ ನಿಶ್ಶಬ್ದ ನೆನಪಾಯಿತು. ಮಕ್ಕಳಿಲ್ಲವೇನೋ ಎಂದುಕೊಳ್ಳುವಷ್ಟು ನಿಶ್ಶಬ್ದ. ಅದನ್ನು ತಾನು ಕಿವಿಯಾರೆ ಕೇಳಿದ್ದಳು. ತಪ್ಪಾಯಿತು ಎಂದಳು, ಸೋಮವಾರವೇ ಹೋಗಿ ಬರೆದುಕೊಡುತ್ತೇನೆ ಎಂದಳು, ಇನ್ನೂ ಏನೇನೋ ಎಂದಳು. ಲತಾಮಣಿ ಪರವಾಗಿಲ್ಲ ಎನ್ನಲಿಲ್ಲ. ಬೇಡ ಎನ್ನಲೂ ಇಲ್ಲ. ಮಗೂಗೆ ಹೇಳ್ತೀರಾ ಎಂದು ಮಾತ್ರ ಕೇಳಿದಳು. ಉತ್ತರ ಬರುವ ಮೊದಲೇ ಹಿತ್ತಲಿಂದ ಸಿರಿ, ಕೈಯೆಲ್ಲ ಮೇಕೆಯ ವಾಸನೆ ಮಾಡಿಕೊಂಡು, ಒಳಗೆ ಬಂದಳು.

ಸೋಮವಾರ ಲ್ಯಾಬಿಗೆ ಅರ್ಧ ದಿನ ರಜೆ ಹಾಕಿ ಹೇಮಾಶ್ರೀ ಶಾಲೆಗೆ ಹೋದಳು. ಮಕ್ಕಳಿಲ್ಲದ ಮೊಗಸಾಲೆಯಲ್ಲಿ ಯಾರೋ ಬೆಂಚುಗಳನ್ನು ಎಳೆದು ಒಂದರ ಮೇಲೊಂದು ಹೇರುತ್ತಿದ್ದರು. ಚನ್ನಬಸವಯ್ಯನವರು ಅವಳು ಬರೆದು ತಂದ ಕಾಗದವನ್ನು ಎರಡು ಸಲ ಓದಿದರು. ಈ ಸಲ ನೀರು ತರಿಸಲಿಲ್ಲ. ಮುಗಿದುಹೋದ ವಿಚಾರ, ಈಗ ಇದೆಲ್ಲ ಯಾಕೆ ಎಂದರು. ಆಗ ನೀವೇ ಅಲ್ಲವೇ ಅಳುತ್ತ ಬಂದವರು ಎಂದರು. ಅವಳು ಅತ್ತಿರಲಿಲ್ಲ, ಆದರೆ ಈಗ ಅದನ್ನು ವಾದಿಸುವ ಹಕ್ಕು ತನಗಿದೆಯೆಂದು ಅನ್ನಿಸಲಿಲ್ಲ. 'ಮಕ್ಕಳು ನಗುತ್ತಿರಲಿಲ್ಲ. ಆ ಸಾಲನ್ನು ನಾನು ಸುಳ್ಳಾಗಿ ಬರೆದೆ' ಎಂಬಲ್ಲಿ ಅವರು ಬೆರಳಿಟ್ಟು, "ಇದು ಬೇಡ ಕಣಮ್ಮ. ನಿಮಗೇ ಮರ್ಯಾದೆ ಅಲ್ಲ. ನಿಮ್ಮ ಮಗು ಇನ್ನೂ ಏಳು ವರ್ಷ ಇಲ್ಲೇ ಓದ್ಬೇಕು, ನೋಡಿ," ಎಂದರು. ಹಿಂದೆ ಮೃದುವಾಗಿ ಕೇಳಿಸಿದ್ದ ಅದೇ ದನಿ. ಆ ದನಿ ಬದಲಾಗಬೇಕಿರಲಿಲ್ಲ, ಅದಕ್ಕೆ ಎರಡೂ ಕೆಲಸ ಬರುತ್ತಿತ್ತು. ಇರಲಿ ಸಾರ್ ಎಂದಳು. ತಲುಪಿದ್ದಕ್ಕೆ ಸೀಲು ಹಾಕಿ ನಕಲು ಕೊಡಿ ಎಂದಳು. ಸೀಲು ಬೀರುವಿನಲ್ಲಿದೆ, ಗುಮಾಸ್ತ ಬಂದಿಲ್ಲ ಎಂದರು. ಅವಳು ಹೊರಗಿನ ಬೆಂಚಿನ ಮೇಲೆ ಕೂತಳು. ಹತ್ತೂವರೆಯಿಂದ ಒಂದು ಗಂಟೆಯವರೆಗೆ ಕೂತಳು. ಧೈರ್ಯವೇನೂ ಇರಲಿಲ್ಲ, ಎದ್ದು ಹೋಗುವುದಕ್ಕೂ ಶಕ್ತಿ ಬೇಕು, ಅದಿರಲಿಲ್ಲ. ಕಡೆಗೆ ಅವರೇ ಎದ್ದು ಬೀರು ತೆಗೆದರು. ಲತಾಮಣಿಗೆ ಶಾಲೆ ಕೊಟ್ಟ ಪತ್ರ ಬದಲಾಯಿಸುವುದು ಮೇ ತಿಂಗಳಲ್ಲಿ ಸಮಿತಿ ಸೇರಿದಾಗ, ಅದೂ ಸಮಿತಿ ಒಪ್ಪಿದರೆ ಎಂದರು. ಸೀಲು ಬಿದ್ದ ಹಾಳೆಯ ಫೋಟೋ ತೆಗೆದು ಲತಾಮಣಿಗೆ ಕಳಿಸಿದಳು. ಸಂಜೆಯ ಹೊತ್ತಿಗೆ ಉತ್ತರ ಬಂತು: 'ತಲುಪಿತು.' ಅದರ ಕೆಳಗೆ ಏನೂ ಇರಲಿಲ್ಲ.

ಅಷ್ಟರಲ್ಲಿ ಅವಳು ಸಿರಿಗೂ ಹೇಳಿ ಮುಗಿಸಿದ್ದಳು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಗಳನ್ನು ಕೂರಿಸಿಕೊಂಡು, ಕಿಟಕಿಯಿಂದ ನೋಡಿದ್ದು, ಆಫೀಸಿಗೆ ಹೋದದ್ದು, ಬರೆದದ್ದು, ನಗುತ್ತಿದ್ದರು ಎಂದು ಬರೆದದ್ದು, ಎಲ್ಲವನ್ನೂ ಹೇಳಿದಳು. ನಿನಗೋಸ್ಕರ ಎಂಬ ಮಾತು ಎರಡು ಸಲ ಬಾಯಿಗೆ ಬಂತು, ಎರಡು ಸಲವೂ ನುಂಗಿಕೊಂಡಳು. ಸಿರಿ ಕಾಲ ಬೆರಳಿನಿಂದ ಸೋಪಿನ ಚೂರನ್ನು ತಳ್ಳುತ್ತಿದ್ದಳು. ನಗ್ತಾರೆ ಅಂತ ನಾನು ಹೇಳಿದ್ನಾ ಎಂದು ಕೇಳಿದಳು. ಇಲ್ಲ ಎಂದಳು ಹೇಮಾಶ್ರೀ. ಹುಡುಗಿ ಇಳಿದು ಒಳಗೆ ಹೋದಳು. ಅಳಲಿಲ್ಲ, ಬಾಗಿಲು ಬಡಿಯಲಿಲ್ಲ. ಹೇಮಾಶ್ರೀ ಅದೇ ಕಲ್ಲಿನ ಮೇಲೆ, ಬಕೆಟ್ಟಿನಲ್ಲಿ ನೆನೆದ ಬಟ್ಟೆಗಳನ್ನು ನೋಡುತ್ತ ಉಳಿದಳು. ಹಗುರಾಗುತ್ತದೆ ಎಂದುಕೊಂಡಿದ್ದಳು. ಹಗುರಾಗಲಿಲ್ಲ.

ಏಳು ಗಂಟೆಗೆ ವೆಂಕಟಲಕ್ಷ್ಮಮ್ಮ ಊಟಕ್ಕೆ ಬಡಿಸಿದರು. ಬಿಸಿ ಮುದ್ದೆ, ಹುರುಳಿ ಸಾರು. ಸಿರಿ ತಟ್ಟೆ ಮುಟ್ಟಲಿಲ್ಲ. ನಿನ್ನೆಯಿಂದ ಮಗೀನ ಮೊಖ ಸರಿಯಿಲ್ಲ, ಹಳೇಬೀಡಿನಲ್ಲಿ ಬಿಸಿಲು ಬಡಿಯಿತೇನೋ ಎಂದು ಅತ್ತೆ ಹಣೆ ಮುಟ್ಟಿ ನೋಡಿದರು. ಏನಾಯ್ತು ಹೇಳವ್ವ ಎಂದು ಗಲ್ಲ ಹಿಡಿದರು. ಸಿರಿ ಅಜ್ಜಿಯ ಕಡೆಗೇ ತಿರುಗಿ ಕೂತಳು.

"ಅಮ್ಮ ಸು..." ಎಂದಳು. ಅಲ್ಲಿಗೆ ನಿಂತಿತು.

"ಸುಮ್ಕೆ ಹೊಡುದ್ಲಾ?" ಎಂದರು ಅಜ್ಜಿ.

ಸಿರಿ ತಲೆ ಅಲ್ಲಾಡಿಸಿದಳು. ಅಮ್ಮಂಗೆ ಸುಸ್ತಾಗೈತಾ ಎಂದು ಅಜ್ಜಿ ಇನ್ನೊಂದನ್ನು ಎತ್ತಿಕೊಟ್ಟರು. ಅದು ಬಹಳ ಒಳ್ಳೆಯ ಮಾತಾಗಿತ್ತು. ನಿಜವೂ ಆಗಿತ್ತು. ಹೌದೆಂದು ತಲೆಯಾಡಿಸಿದರೆ ಎಲ್ಲರೂ ಉಂಡು ಏಳಬಹುದಿತ್ತು. ಹುಡುಗಿ ಒಂದು ಕ್ಷಣ ಅದನ್ನು ತೆಗೆದುಕೊಂಡುಬಿಡುತ್ತಾಳೇನೋ ಎನ್ನುವಂತೆ ಕಣ್ಣು ಇಳಿಸಿದಳು. ಹೇಮಾಶ್ರೀಗೆ ಆ ಮಾತು ಯಾವುದೆಂದು ಗೊತ್ತಿತ್ತು. ತಾನೇ ಹೇಳಿದರೆ ತಪ್ಪೊಪ್ಪಿಕೊಂಡಂತಾಗುತ್ತದೆ, ಮಗಳ ಕಷ್ಟವೂ ತಪ್ಪುತ್ತದೆ ಎಂದು ನಾಲಿಗೆ ಹೊಂಚುಹಾಕುತ್ತಿತ್ತು.

"ಅವ್ಳೇ ಹೇಳ್ಲಿ ಅತ್ತೆ," ಎಂದಳು.

ಅತ್ತೆ ಸೌಟು ಹಿಡಿದುಕೊಂಡು ಸೊಸೆಯನ್ನೂ ಮೊಮ್ಮಗಳನ್ನೂ ನೋಡಿದರು. ಮುದ್ದೆಯ ಹಬೆ ನಿಂತಿತು. ಪಕ್ಕದ ಮನೆಯಲ್ಲಿ ಟಿವಿಯ ವಾರ್ತೆ ಮುಗಿದು ಜಾಹೀರಾತು ಬಂತು, ಅದೂ ಮುಗಿಯಿತು. ಸಿರಿಯ ತುಟಿ ಮುಂದಕ್ಕೆ ಬಂದು ನಡುಗುತ್ತಿತ್ತು. ಎಷ್ಟು ಹೊತ್ತಾದರೂ ಹೇಮಾಶ್ರೀ ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ.

"ಸುಳ್ಳು ಬರ್ದಿದ್ಲು," ಎಂದಳು ಸಿರಿ.

ವೆಂಕಟಲಕ್ಷ್ಮಮ್ಮ ಸೊಸೆಯ ಕಡೆ ನೋಡಿದರು. ಹೌದು ಎಂದಳು ಹೇಮಾಶ್ರೀ. ಅಷ್ಟಕ್ಕೇ ಮುಗಿಯಿತು ಎಂದು ಅತ್ತೆ ಸೌಟನ್ನು ಸಾರಿಗೆ ಇಳಿಸುತ್ತಿದ್ದರು. ಸಿರಿ ಅಜ್ಜಿಯ ಸೆರಗು ಎಳೆದು, ತಡಿ ಎಂದು ಕೈ ತೋರಿಸಿ, ಮುಂದಿನ ಮಾತಿಗೆ ಬಾಯಿ ತೆರೆದಳು.